ಲೂಪಸ್ ಮತ್ತು ಮರೆವು: ಪ್ರತಿಕಾಯ ಮಿದುಳಿಗೆ ಇಳಿಯುವ ದಾರಿ

ಲೂಪಸ್ ಇರುವವರು ವೈದ್ಯರೆದುರು ಮೊದಲು ಹೇಳಿಕೊಳ್ಳುವುದು ಕೀಲುನೋವು, ಸುಸ್ತು, ಬಿಸಿಲಿಗೆ ಮುಖದ ಮೇಲೆ ಏಳುವ ಕೆಂಪು. ಪರಿಚಿತರ ಹೆಸರು ಬಾಯಿಗೆ ಬರದಿರುವುದು, ಲೆಕ್ಕ ಬರೆಯುತ್ತ ಅರ್ಧಕ್ಕೆ ದಾರಿ ತಪ್ಪುವುದು ಕೆದಕಿ ಕೇಳಿದರೆ ಮಾತ್ರ ಹೊರಬರುತ್ತವೆ. ಇಂಥ ಅರಿವಿನ ಕುಂದು ಅಪರೂಪದ ತೊಂದರೆಯಲ್ಲ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 1999ರಲ್ಲಿ ಗುರುತಿಸಿದ ಲೂಪಸ್‌ನ 19 ನರ-ಮಾನಸಿಕ ತೊಂದರೆಗಳಲ್ಲಿ ಇದೂ ಒಂದು. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2018ರ ವಿಶ್ಲೇಷಣೆಯೊಂದು ರೋಗಿಗಳಲ್ಲಿ ಸುಮಾರು ಶೇ 38ರಷ್ಟು ಮಂದಿಗೆ ಅರಿವಿನ ಕುಂದು ಇದೆ ಎಂದಿತು.

ಕಾರಣದ ಹುಡುಕಾಟದಲ್ಲಿ ವಿಜ್ಞಾನಿ ಬೆಟ್ಟಿ ಡೈಮಂಡ್ ಮತ್ತು ಸಂಗಡಿಗರ ಕೆಲಸ ಮುಖ್ಯವಾದದ್ದು. ಲೂಪಸ್‌ನಲ್ಲಿ ದೇಹ ತನ್ನದೇ ಡಿಎನ್‌ಎ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಕೆಲವು ನರಕೋಶಗಳ ಮೇಲಿನ ಎನ್‌ಎಂಡಿಎ ಗ್ರಾಹಕಕ್ಕೂ ಅಂಟಿಕೊಳ್ಳುತ್ತವೆ ಎಂದು ಅವರು 2001ರಲ್ಲಿ ತೋರಿಸಿದರು. ಕಲಿಕೆಗೂ ನೆನಪಿಗೂ ಬೇಕಾದ ಗ್ರಾಹಕವಿದು. ಆದರೆ ಪ್ರತಿಕಾಯ ರಕ್ತದಲ್ಲಿ ಇದ್ದ ಮಾತ್ರಕ್ಕೆ ಕೇಡಾಗಲಿಲ್ಲ. ಈ ಪ್ರತಿಕಾಯಗಳಿದ್ದ ಇಲಿಗಳಿಗೆ ಬ್ಯಾಕ್ಟೀರಿಯಾದ ಹೊರಪದರದ ಅಂಶವನ್ನು ಕೊಟ್ಟು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸಡಿಲಿಸಿದಾಗ ಹಿಪ್ಪೊಕ್ಯಾಂಪಸ್‌ನ ನರಕೋಶಗಳು ಸತ್ತವು, ನೆನಪು ಕೆಟ್ಟಿತು. ಅದರ ಬದಲು ಅಡ್ರಿನಲಿನ್ ಕೊಟ್ಟಾಗ ಪೆಟ್ಟು ಬಿದ್ದದ್ದು ಅಮಿಗ್ಡಲಾಗೆ. ಆ ಇಲಿಗಳಲ್ಲಿ ಹೆದರಿಕೆಗೆ ಸ್ಪಂದಿಸುವ ರೀತಿಯೇ ಬದಲಾಯಿತು. ಪ್ರತಿಕಾಯ ಅದೇ, ತಡೆ ಸಡಿಲವಾದ ಜಾಗ ಬೇರೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೆಯೇ ಹೊಂದುವುದಿಲ್ಲ. ಆದರೂ ಒಬ್ಬ ರೋಗಿಗೆ ಮರೆವು, ಇನ್ನೊಬ್ಬರಿಗೆ ಕಾರಣವಿಲ್ಲದ ಕಳವಳ ಎಂಬ ವ್ಯತ್ಯಾಸವನ್ನು ಅನುಮಾನದಿಂದ ನೋಡಬಾರದು ಎನ್ನಲು ನನಗೆ ಈ ಪ್ರಯೋಗಗಳೇ ಆಧಾರ. ಇಲಿಗಳಲ್ಲಿ ತಡೆಯನ್ನು ಸಡಿಲಿಸಿದ್ದು ಬ್ಯಾಕ್ಟೀರಿಯಾದ ಅಂಶವಾದ್ದರಿಂದ, ಸೋಂಕಾದ ಮೇಲೆ ತಲೆ ಮಂಕಾಯಿತು ಎಂದು ರೋಗಿ ಹೇಳಿದರೆ ಅದನ್ನು ಬರೆದಿಟ್ಟುಕೊಳ್ಳುವುದು ಉಚಿತ.

ಈ ಪ್ರತಿಕಾಯವೊಂದೇ ಕಾರಣವಲ್ಲ. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು, ಖಿನ್ನತೆ, ನಿದ್ರೆಗೇಡು, ಸ್ಟೀರಾಯ್ಡ್ ಎಲ್ಲವೂ ಸೇರಿಕೊಳ್ಳುತ್ತವೆ. ಎನ್‌ಎಂಡಿಎ ಗ್ರಾಹಕವನ್ನು ತಡೆಯುವ ಮೆಮಂಟೈನ್ ಔಷಧವನ್ನು ಲೂಪಸ್ ರೋಗಿಗಳ ಮೇಲೆ ಪರೀಕ್ಷಿಸಿದ 2011ರ ಪ್ರಯೋಗದಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ನರಕೋಶ ಸತ್ತ ಮೇಲೆ ಗ್ರಾಹಕವನ್ನು ಮುಚ್ಚಿ ಪ್ರಯೋಜನವಿಲ್ಲದಿರಬಹುದು. ಇದು ನನ್ನ ಊಹೆ.

ಹೆಚ್ಚು ಎಡವಟ್ಟಾಗುವುದು ಅರಿವಿನ ಕುಂದಿನ ಅಳತೆಯಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಬಳಸುವ, ಲೂಪಸ್‌ಗೂ ಒದಗುವ ಪರೀಕ್ಷೆಯೊಂದರಲ್ಲಿ ಹಾಳೆಯ ಮೇಲ್ತುದಿಯಲ್ಲಿ ಒಂಬತ್ತು ಚಿಹ್ನೆಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ಅಂಕಿ. ಕೆಳಗಿನ ಸಾಲುಗಳಲ್ಲಿ ಬರಿಯ ಚಿಹ್ನೆಗಳು. 90 ಸೆಕೆಂಡುಗಳಲ್ಲಿ ಎಷ್ಟು ಅಂಕಿಗಳನ್ನು ಸರಿಯಾಗಿ ಹೇಳಿದಿರಿ ಎಂಬುದೇ ಎಣಿಕೆ. ನೆನಪಿಗಿಂತ ಹೆಚ್ಚಾಗಿ ಮನಸ್ಸಿನ ವೇಗ ಇಲ್ಲಿ ತಿಳಿಯುತ್ತದೆ. ಆದರೆ ಆ ಎಣಿಕೆಯನ್ನು ಯಾರ ಜೊತೆ ಹೋಲಿಸಬೇಕು? ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ವಯಸ್ಸು, ಲಿಂಗ, ಓದಿಗೆ ತಕ್ಕ ಮಾನದಂಡಗಳನ್ನು ಒದಗಿಸಿತು. ಶಾಲೆಯ ಮೆಟ್ಟಿಲು ಹತ್ತದವರನ್ನು ಪದವೀಧರರ ಸಾಲಿನಲ್ಲಿಟ್ಟು ಅಳೆಯುವ ಅನ್ಯಾಯ ಅದರಿಂದ ತಪ್ಪಿತು. ಆದರೆ ಮೊದಲು ತುಂಬ ಚುರುಕಾಗಿದ್ದ ಉಪಾಧ್ಯಾಯಿನಿ ಸಾಧಾರಣ ಮಟ್ಟಕ್ಕೆ ಇಳಿದರೆ ಅವರ ಫಲಿತಾಂಶವನ್ನೂ ‘ಸಹಜ’ ಎಂದೇ ಬರೆಯಲಾಗುತ್ತದೆ. ಅವರನ್ನು ಹೋಲಿಸಬೇಕಾದದ್ದು ಅವರ ಹಿಂದಿನ ಅಂಕಗಳ ಜೊತೆಗೇ. ಅದಕ್ಕಾಗಿ ರೋಗ ಪತ್ತೆಯಾದ ಹೊತ್ತಿನಲ್ಲೇ, ಆಗುವುದಾದರೆ ಸ್ಟೀರಾಯ್ಡ್ ಪ್ರಮಾಣ ಏರಿಸುವ ಮುಂಚೆ, ಒಂದು ಪರೀಕ್ಷೆ ನಡೆಸಿ ಅಂಕಗಳನ್ನು ರೋಗಿಯ ಫೈಲಿನಲ್ಲಿ ದಾಖಲಿಸಬೇಕು.