ಹಣ ಯಾರದು, ಬಾಯಿ ಯಾರದು

1914ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ವೆಲಿಂಗ್ಟನ್ ಹೌಸ್‌ನಲ್ಲಿ ಒಂದು ಗುಟ್ಟಿನ ಕಚೇರಿ ನಡೆಸತೊಡಗಿತು. ಚಾರ್ಲ್ಸ್ ಮಾಸ್ಟರ್‌ಮನ್ ಅದರ ಮುಖ್ಯಸ್ಥ. ಯುದ್ಧಕ್ಕಿನ್ನೂ ಇಳಿಯದ ಅಮೆರಿಕವನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವುದು ಆ ಕಚೇರಿಯ ಮುಖ್ಯ ಕೆಲಸಗಳಲ್ಲೊಂದು. ಕಾನನ್ ಡಾಯ್ಲ್, ಎಚ್.ಜಿ. ವೆಲ್ಸ್ ಅವರಂಥ ಲೇಖಕರನ್ನು ಕರೆಸಿದರು. ಪುಸ್ತಕಗಳು ಖಾಸಗಿ ಪ್ರಕಾಶಕರ ಹೆಸರಿನಲ್ಲೇ ಹೊರಬಂದವು. ಕಾದಂಬರಿಕಾರ ಗಿಲ್ಬರ್ಟ್ ಪಾರ್ಕರ್ ಅವನ್ನು ತನ್ನದೇ ಪತ್ರದ ಜೊತೆ ಅಮೆರಿಕದ ಗಣ್ಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಓದಿದವರಿಗೆ ಅದು ಸ್ನೇಹಿತನ ಕಾಣಿಕೆಯಂತೆ ಕಂಡಿತು. ಖರ್ಚು ಸರ್ಕಾರದ್ದು ಎಂಬುದು ಕಾಣಲಿಲ್ಲ.

ಪರದೇಶದ ಜನಮನ ಗೆಲ್ಲುವ ಸರ್ಕಾರಿ ಪ್ರಚಾರದ ನೂರು ವರ್ಷದ ಕಥೆ ಈ ಮರೆಯ ಸುತ್ತಲೇ ಬೆಳೆದಿದೆ. 1917ರಲ್ಲಿ ಅಮೆರಿಕವೂ ಪ್ರಚಾರಕ್ಕೆಂದು ಜಾರ್ಜ್ ಕ್ರೀಲ್ ಸಮಿತಿ ಕಟ್ಟಿತು. ಅಲ್ಲಿ ಪಳಗಿದ ಎಡ್ವರ್ಡ್ ಬರ್ನೇಸ್ ಯುದ್ಧ ಮುಗಿದ ಮೇಲೆ ಆ ವಿದ್ಯೆಯನ್ನೇ ವೃತ್ತಿ ಮಾಡಿಕೊಂಡ. 1934ರಲ್ಲಿ ಇನ್ನೊಬ್ಬ ಹೆಸರಾಂತ ಪ್ರಚಾರ ಸಲಹೆಗಾರ ಐವಿ ಲೀ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿ ಅವನಿಗೆ ವರ್ಷಕ್ಕೆ 25,000 ಡಾಲರ್ ಕೊಡುತ್ತಿತ್ತು. ಅವನ ಸಲಹೆ ಹಿಟ್ಲರನ ಸರ್ಕಾರಕ್ಕೂ ತಲುಪುತ್ತಿತ್ತು. ಅಂಥ ವಿಚಾರಣೆಗಳಿಂದ ಹುಟ್ಟಿದ್ದು 1938ರ ವಿದೇಶಿ ಏಜೆಂಟರ ನೋಂದಣಿ ಕಾಯ್ದೆ. ಅದು ಪ್ರಚಾರವನ್ನು ನಿಷೇಧಿಸಲಿಲ್ಲ; ಯಾರ ಪರವಾಗಿ, ಎಷ್ಟು ಹಣಕ್ಕೆ ಎಂದು ಬರೆದುಕೊಡಿ ಎಂದಿತು. ಓದುಗನನ್ನು ಬುದ್ಧಿವಂತನೆಂದು ನಂಬಿದ ಕಾಯ್ದೆ ಅದು. ಅದಕ್ಕಾಗಿಯೇ ನನಗೆ ಅದರ ಮೇಲೆ ಗೌರವ.

ಶೀತಲ ಸಮರದ ಕಾಲಕ್ಕೆ ಈ ಪ್ರಚಾರ ನಮ್ಮ ಮನೆಬಾಗಿಲಿಗೂ ಬಂತು. ಸೋವಿಯತ್ ರಾಯಭಾರ ಕಚೇರಿಯ 'ಸೋವಿಯತ್ ಲ್ಯಾಂಡ್' ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು. ಅದರ ನುಣುಪು ಹಾಳೆಗಳು ಎಷ್ಟೋ ಮಕ್ಕಳ ಶಾಲಾಪುಸ್ತಕಗಳಿಗೆ ಬೈಂಡಾದವು. ಬೆಂಗಳೂರಿನ ನವಕರ್ನಾಟಕ ಮಳಿಗೆಯಲ್ಲಿ ಮಾಸ್ಕೋದ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದವು. ಅಮೆರಿಕ 1960ರಲ್ಲಿ 'ಸ್ಪ್ಯಾನ್' ಪತ್ರಿಕೆ ತಂದಿತು. ಇವೆಲ್ಲ ಪ್ರಚಾರವೇ, ಆದರೆ ಕಳಿಸಿದವರ ಹೆಸರು ಮೇಲೆಯೇ ಇತ್ತು. ಲಂಡನ್ನಿನ 'ಎನ್‌ಕೌಂಟರ್' ಪತ್ರಿಕೆಯ ಹಿಂದೆ ಸಿಐಎ ಹಣ ಇತ್ತೆಂದು 1967ರಲ್ಲಿ ಬಯಲಾದಾಗ ಕವಿ ಸ್ಟೀಫನ್ ಸ್ಪೆಂಡರ್ ಸಂಪಾದಕತ್ವ ಬಿಟ್ಟರು. ಒಳ್ಳೆಯ ಬರಹಗಳಿಗೂ ಆ ಕಲೆ ಅಂಟಿತು.

ಆಮೇಲೆ ಬಂದದ್ದು ಕುವೈತಿನ ಪ್ರಕರಣ. 1990ರ ಆಗಸ್ಟಿನಲ್ಲಿ ಇರಾಕ್ ದಾಳಿ ಮಾಡಿದ ಕೂಡಲೇ 'ಸಿಟಿಜನ್ಸ್ ಫಾರ್ ಎ ಫ್ರೀ ಕುವೈತ್' ಎಂಬ ಸಂಸ್ಥೆ ಹುಟ್ಟಿತು. ಹೆಸರು ನಾಗರಿಕರದು, ಹಣ ಬಹುಪಾಲು ಕುವೈತ್ ಸರ್ಕಾರದ್ದು. ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿಗೆ ಒಂದು ಕೋಟಿ ಡಾಲರಿಗೂ ಹೆಚ್ಚು ಸಂದಿತು. ಆ ಕಂಪನಿಯ ನೆರವಿನಿಂದ ಅಕ್ಟೋಬರ್ 10ರಂದು ನಯೀರಾ ಎಂಬ 15ರ ಹುಡುಗಿ ಅಮೆರಿಕದ ಸಂಸದರ ಮುಂದೆ ಅಳುತ್ತಾ, ಇರಾಕಿ ಸೈನಿಕರು ಇನ್‌ಕ್ಯುಬೇಟರಿನಿಂದ ಹಸುಳೆಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಅಧ್ಯಕ್ಷ ಬುಷ್ ಆ ಮಾತನ್ನು ಮತ್ತೆ ಮತ್ತೆ ಎತ್ತಿದರು. ಆಕೆ ಕುವೈತ್ ರಾಯಭಾರಿಯ ಮಗಳು ಎಂದು ಲೋಕಕ್ಕೆ ತಿಳಿದದ್ದು 1992ರ ಜನವರಿಯಲ್ಲಿ, ಕೊಲ್ಲಿ ಯುದ್ಧ ಮುಗಿದ ಮೇಲೆ. ಆ ಕಥೆಗೆ ಆಧಾರ ಸಿಗಲಿಲ್ಲ. ಇರಾಕ್ ಮಾಡಿದ ನಿಜವಾದ ಕ್ರೌರ್ಯಕ್ಕೆ ಸಾಕ್ಷಿ ಬೇಕಾದಷ್ಟಿತ್ತು; ಹೀಗಿದ್ದೂ ಹಸುಳೆಗಳ ಹೆಸರಿನಲ್ಲಿ ಇದನ್ನು ಕಟ್ಟಿದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಈಗ ಪತ್ರಿಕೆ, ಸಾಕ್ಷಿಕಟ್ಟೆ ಎರಡರ ಜಾಗವನ್ನೂ ಮೊಬೈಲಿನ ವಿಡಿಯೋ ಹಿಡಿದಿದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಆರ್‌ಟಿ ವಾಹಿನಿಯ ಇಬ್ಬರು ನೌಕರರ ಮೇಲೆ ದೋಷಾರೋಪ ಹೊರಿಸಿತು: ಟೆನ್ನೆಸಿಯ ಒಂದು ಕಂಪನಿಯ ಮೂಲಕ ಸುಮಾರು 1 ಕೋಟಿ ಡಾಲರ್ ಸುರಿದು ವಿಡಿಯೋಗಳನ್ನು ಮಾಡಿಸಿದರು ಎಂದು. ವೆಲಿಂಗ್ಟನ್ ಹೌಸ್ ಕಾಲದಲ್ಲಿ ಹಣದ ಮೂಲ ಗೊತ್ತಿಲ್ಲದವನು ಓದುಗ. ಇಲ್ಲಿ ಆ ವಿಡಿಯೋಗಳ ಹೆಸರಾದ ವ್ಯಾಖ್ಯಾನಕಾರರೇ ಮುಂದೆ ಬಂದು, ಹಣ ಎಲ್ಲಿಂದ ಬಂತೆಂದು ನಮಗೂ ತಿಳಿದಿರಲಿಲ್ಲ ಎಂದರು.