ರೈಡರ್‌ಗೆ ಎರಡೂವರೆ ಕೋಟಿ, ಕಾಲು ಹಿಡಿದವನಿಗೆ ಎಷ್ಟು?

ಎರಡು ಕೋಟಿ ಅರವತ್ತು ಲಕ್ಷದ ಐವತ್ತು ಸಾವಿರ ರೂಪಾಯಿ. 2023ರ ಅಕ್ಟೋಬರ್‌ನಲ್ಲಿ ಪ್ರೊ ಕಬಡ್ಡಿ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್ ಎಂಬ ಒಬ್ಬ ರೈಡರ್‌ಗೆ ಕೊಟ್ಟ ಬೆಲೆ ಇದು. ಆ ವರ್ಷ ಒಂದು ತಂಡ ಖರ್ಚು ಮಾಡಬಹುದಾಗಿದ್ದ ಒಟ್ಟು ದುಡ್ಡು 5 ಕೋಟಿ. ಅಂದರೆ ಇಡೀ ತಂಡದ ಅರ್ಧಕ್ಕಿಂತ ಹೆಚ್ಚು ಹಣ ಒಬ್ಬನ ಜೇಬಿಗೆ. ಉಳಿದ ಅರ್ಧದಲ್ಲಿ ಮಿಕ್ಕವರೆಲ್ಲ. ಅದೇ ಹರಾಜಿನಲ್ಲಿ ಕೊನೆಯ ದರ್ಜೆಯ ಆಟಗಾರನ ಮೂಲ ಬೆಲೆ 9 ಲಕ್ಷ. ಮ್ಯಾಟ್ ಒಂದೇ, ಜೆರ್ಸಿ ಒಂದೇ, ನಲವತ್ತು ನಿಮಿಷದ ಆಟವೂ ಒಂದೇ.

ಇದನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು ಅಂತ ನಾನು ಹೇಳ್ತಿಲ್ಲ. ಪವನ್ ಆ ದುಡ್ಡಿಗೆ ಯೋಗ್ಯನಲ್ಲ ಅಂತಲೂ ಅಲ್ಲ. 2019ರ ಜನವರಿ 5ರಂದು ನಮ್ಮ ಬೆಂಗಳೂರು ಬುಲ್ಸ್ ಮೊದಲ ಸಲ ಕಪ್ ಎತ್ತಿದ್ದು ನೆನಪಿದೆಯಲ್ಲ? ಗುಜರಾತ್ ವಿರುದ್ಧ 38-33. ಆ 38 ಅಂಕದಲ್ಲಿ 22 ಅಂಕ ಪವನ್ ಒಬ್ಬನದೇ. ವಿಜಯನಗರ, ರಾಜಾಜಿನಗರದ ಗಲ್ಲಿಗಳಲ್ಲಿ ಹುಡುಗರು ಪಟಾಕಿ ಹೊಡೆದದ್ದು ಅವನ ಹೆಸರಿಗೇ. ಆದರೆ ಆ ಸೀಸನ್ನಿನಲ್ಲಿ ಬುಲ್ಸ್‌ಗೆ ಕವರ್ ಜಾಗದಲ್ಲಿ ನಿಂತು ಎದುರಾಳಿಗಳನ್ನು ಕೆಡವಿದ ಮಹೇಂದರ್ ಸಿಂಗ್ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಪ್ರಶ್ನೆ ಇರೋದು ಇಲ್ಲೇ. ಒಂದೇ ತಂಡದಲ್ಲಿ, ಒಂದೇ ಗೆಲುವಿನಲ್ಲಿ, ನಿಂತ ಜಾಗಕ್ಕೆ ತಕ್ಕಂತೆ ಬೆಲೆ ಯಾಕೆ ಬದಲಾಗುತ್ತೆ? ಈ ಬೆಲೆ ಕಟ್ಟಿದವರು ಯಾರು?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಕಡೆ ಕಬಡ್ಡಿ ಆಡುವವರಿಗೆ ಮೊದಲು ಹರಾಜು ಅನ್ನೋದೇ ಇರಲಿಲ್ಲ. ಇದ್ದದ್ದು ನೌಕರಿ. ಚೆನ್ನಾಗಿ ಆಡಿದರೆ ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ರೈಲ್ವೆ, ಪೊಲೀಸ್ ಇಲಾಖೆ. ಅಲ್ಲಿ ಸಂಬಳ ಹೇಗೆ? ರೈಡರ್ ಆದರೂ ಗುಮಾಸ್ತನ ಸ್ಕೇಲ್, ಕಾರ್ನರ್ ಆದರೂ ಗುಮಾಸ್ತನ ಸ್ಕೇಲ್. ನೂರು ಅಂಕ ತಂದವನಿಗೂ, ನೂರು ಸಲ ಕಾಲು ಹಿಡಿದವನಿಗೂ ಡಿಎ ಒಂದೇ, ಪಿಎಫ್ ಒಂದೇ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನ ಸುತ್ತ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಸಂಬಳ ಕಮ್ಮಿ, ಆದರೆ ನಿವೃತ್ತಿವರೆಗೂ ಬರುತ್ತೆ. ಮೊಣಕಾಲು ಹೋದರೂ ಕೌಂಟರ್ ಹಿಂದೆ ಕುರ್ಚಿ ಇರುತ್ತೆ.

ಕ್ರಿಕೆಟ್‌ನಲ್ಲೂ ಆಗ ಹೀಗೇ ಇತ್ತು. 1983ರ ಸೆಪ್ಟೆಂಬರ್‌ನ ಭಾರತ ತಂಡದ ಸಂಭಾವನೆ ಪಟ್ಟಿಯ ಒಂದು ಹಾಳೆ ಎಷ್ಟೋ ವರ್ಷದ ಮೇಲೆ ಹೊರಗೆ ಬಂತು. ನಾಯಕ ಕಪಿಲ್ ದೇವ್‌ಗೂ 2100 ರೂಪಾಯಿ, ನಮ್ಮ ರೋಜರ್ ಬಿನ್ನಿಗೂ 2100, ಸಯ್ಯದ್ ಕಿರ್ಮಾನಿಗೂ 2100. ಬ್ಯಾಟ್ಸ್‌ಮನ್, ಬೌಲರ್, ಕೀಪರ್ ಅನ್ನೋ ಭೇದವೇ ಇಲ್ಲ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾಯ್ತು. ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿ ರಾಕೇಶ್ ಕುಮಾರ್, 12 ಲಕ್ಷ 80 ಸಾವಿರ. ಪಟ್ನಾ ತಂಡ ಕೊಂಡುಕೊಂಡಿತು. ರಾಕೇಶ್ ಆಲ್‌ರೌಂಡರ್. ನಮ್ಮ ಕರಾವಳಿಯ ಪಂದ್ಯಾವಳಿಗಳಲ್ಲಿ ಮೈಕ್ ಹಿಡಿದವರು ಇಂಥವರನ್ನು ‘ಸವ್ಯಸಾಚಿ’ ಅಂತಾರೆ. ದಾಳಿಯೂ ಗೊತ್ತು, ಹಿಡಿತವೂ ಗೊತ್ತು. ಅಂದರೆ ಶುರುವಿನಲ್ಲಿ ದುಡ್ಡು ಪೂರ್ತಿ ಆಟಗಾರನನ್ನೇ ಹುಡುಕಿತ್ತು.

ಆಮೇಲೆ ಏನಾಯ್ತು? ಟಿವಿ ಬಂತು. ನಾನು ಟಿವಿಯವನೇ, ಅದಕ್ಕೇ ಹೇಳ್ತೀನಿ. ಕ್ಯಾಮೆರಾ ಯಾರ ಹಿಂದೆ ಹೋಗುತ್ತೆ? ಮೂವತ್ತು ಸೆಕೆಂಡ್ ಒಬ್ಬನೇ ಏಳು ಜನರ ನಡುವೆ ನುಗ್ಗುತ್ತಾನಲ್ಲ, ಅವನ ಹಿಂದೆ. ಬ್ರೇಕ್‌ಗೆ ಹೋಗೋ ಮುಂಚೆ ಸ್ಲೋ ಮೋಷನ್‌ನಲ್ಲಿ ತೋರಿಸೋದು ಯಾರನ್ನ? ಅವನನ್ನೇ. ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದು ಡೂ ಆರ್ ಡೈ, ಅಂಕ ತರಲೇಬೇಕು ಅನ್ನೋ ನಿಯಮ ಬಂತು. ಎಲ್ಲರ ಕಣ್ಣೂ ರೈಡರ್ ಮೇಲೆ.

2018ರ ಮೇ ತಿಂಗಳ ಹರಾಜು ನೋಡಿ. ಕಬಡ್ಡಿಯಲ್ಲಿ ಕೋಟಿ ಮುಟ್ಟಿದ ಮೊದಲ ಆಟಗಾರ ಇರಾನಿನ ಫಜಲ್ ಅತ್ರಾಚಲಿ. ಎಡ ಕಾರ್ನರ್‌ನಲ್ಲಿ ನಿಲ್ಲುವ ಡಿಫೆಂಡರ್. ಆಹಾ, ಡಿಫೆಂಡರ್‌ಗೂ ಕಾಲ ಬಂತು ಅಂದುಕೊಳ್ಳುವಷ್ಟರಲ್ಲೇ ಬೆಲೆ ಅವನನ್ನು ದಾಟಿ ಓಡಿತು. ಮೋನು ಗೋಯತ್ 1 ಕೋಟಿ 51 ಲಕ್ಷ. ರಾಹುಲ್ ಚೌಧರಿ 1 ಕೋಟಿ 29 ಲಕ್ಷ. ದೀಪಕ್ ಹೂಡಾ ಮತ್ತು ನಿತಿನ್ ತೋಮರ್ ತಲಾ 1 ಕೋಟಿ 15 ಲಕ್ಷ. ರಿಶಾಂಕ್ ದೇವಾಡಿಗ 1 ಕೋಟಿ 11 ಲಕ್ಷ. ಆ ವರ್ಷದ ಆರು ಕೋಟ್ಯಧಿಪತಿಗಳಲ್ಲಿ ಹಿಡಿಯೋದೇ ಕಸುಬಾಗಿದ್ದವನು ಒಬ್ಬನೇ ಒಬ್ಬ.

ಮೂರೇ ತಿಂಗಳು. ಆಗಸ್ಟ್‌ನಲ್ಲಿ ಜಕಾರ್ತ ಏಷ್ಯನ್ ಗೇಮ್ಸ್. 1990ರಿಂದ ಸತತ ಏಳು ಚಿನ್ನ ಗೆದ್ದ ಭಾರತ, ಸೆಮಿಫೈನಲ್‌ನಲ್ಲಿ ಇರಾನ್ ಎದುರು. ಮೋನು, ರಾಹುಲ್, ಹೂಡಾ, ರಿಶಾಂಕ್, ಹರಾಜಿನ ನಾಲ್ವರು ಕೋಟ್ಯಧಿಪತಿಗಳು ಭಾರತದ ತಂಡದಲ್ಲಿ. ಆ ಕಡೆ ಫಜಲ್ ಮತ್ತು ಅವನ ಜೊತೆ ಸರಪಳಿ ಹಾಕಿ ನಿಂತ ಇರಾನಿಗಳು. ಭಾರತಕ್ಕೆ ಬಂದದ್ದು ಬರೀ 18 ಅಂಕ. 27-18ರ ಸೋಲು. ನಾವು ಮಾರುಕಟ್ಟೆಯಲ್ಲಿ ಯಾರಿಗೆ ದುಡ್ಡು ಸುರಿದೆವೋ ಅವರನ್ನು, ಯಾರಿಗೆ ಕಮ್ಮಿ ಕೊಟ್ಟೆವೋ ಅವರು ಕಟ್ಟಿಹಾಕಿದರು.

ಈಗ ಬೇರೆ ಒಂದು ದೇಶದ ಕಥೆ ಕೇಳಿ. ಅಮೆರಿಕದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡ್ತಾರೆ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಚೆಂಡು ಎಸೆಯುವವನು, ಆಟ ನಡೆಸುವವನು. ನಮ್ಮ ರೈಡರ್ ಇದ್ದ ಹಾಗೆ, ಕ್ಯಾಮೆರಾ ಅವನ ಮೇಲೆ. 2024ರಲ್ಲಿ ಡಾಕ್ ಪ್ರೆಸ್ಕಾಟ್ ಎಂಬ ಕ್ವಾರ್ಟರ್‌ಬ್ಯಾಕ್ ಮಾಡಿಕೊಂಡ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್. ಅದೇ ವರ್ಷ ಸೆಂಟರ್ ಜಾಗದವರಲ್ಲಿ ಎಲ್ಲರಿಗಿಂತ ದುಬಾರಿಯಾದ ಕ್ರೀಡ್ ಹಂಫ್ರಿಗೆ ಸಿಕ್ಕಿದ್ದು ವರ್ಷಕ್ಕೆ 1 ಕೋಟಿ 80 ಲಕ್ಷ ಡಾಲರ್. ಸೆಂಟರ್ ಅಂದರೆ ಪ್ರತಿ ಸಲವೂ ಚೆಂಡನ್ನು ಹಿಂದಕ್ಕೆ ಕೊಟ್ಟು, ಎದುರಿಗೆ ನುಗ್ಗುವವರನ್ನು ಮೈಯಿಂದ ತಡೆಯುವವನು. ಅವನಿಲ್ಲದೆ ಒಂದು ಚೆಂಡೂ ಹೊರಡಲ್ಲ. ಆದರೂ ಅವನಿಗೆ ಮೂರನೇ ಒಂದು ಭಾಗಕ್ಕಿಂತ ಕಮ್ಮಿ.

ಆದರೆ ಅಲ್ಲಿ ಒಂದು ಜಾಗದ ಬೆಲೆ ಮಾತ್ರ ಏರಿತು. ಹೇಗೆ ಗೊತ್ತಾ? 1985ರ ನವೆಂಬರ್ 18ರ ರಾತ್ರಿ ಜೋ ಥೈಸ್‌ಮನ್ ಎಂಬ ಕ್ವಾರ್ಟರ್‌ಬ್ಯಾಕ್ ಕಾಲು ಮೈದಾನದಲ್ಲೇ ಮುರಿಯಿತು. ಕೆಡವಿದವನು ಲಾರೆನ್ಸ್ ಟೇಲರ್. ಇಡೀ ದೇಶ ಟಿವಿಯಲ್ಲಿ ನೋಡಿತು. ಥೈಸ್‌ಮನ್ ಮತ್ತೆ ಆಡಲೇ ಇಲ್ಲ. ಬಲಗೈಯಲ್ಲಿ ಎಸೆಯುವವನಿಗೆ ಎಡಗಡೆಯಿಂದ ಬರುವವನು ಕಾಣಲ್ಲ. ಆ ಕಾಣದ ಕಡೆ ಕಾಯುವವನು ಲೆಫ್ಟ್ ಟ್ಯಾಕಲ್. ಮುಂದೆ 1993ರಲ್ಲಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಸಿಕ್ಕಿತು, 1994ರಲ್ಲಿ ಸಂಬಳಕ್ಕೆ ಮಿತಿ ಬಂತು. ಇರೋ ದುಡ್ಡನ್ನು ಹಂಚಬೇಕಾದಾಗ ಮಾಲೀಕರು ಯೋಚನೆ ಮಾಡಿದರು: ಇಷ್ಟು ದುಬಾರಿ ಕ್ವಾರ್ಟರ್‌ಬ್ಯಾಕ್ ಕಾಲು ಉಳಿಸೋನು ಯಾರು? ಲೆಫ್ಟ್ ಟ್ಯಾಕಲ್ ಬೆಲೆ ಹಾರಿತು. ಅವನ ಪಕ್ಕದಲ್ಲೇ ನಿಂತು ಅದೇ ಬೆವರು ಸುರಿಸುವವನ ಬೆಲೆ ಅಷ್ಟು ಹಾರಲಿಲ್ಲ. ಒಂದು ಜಾಗದ ಬೆಲೆ ಜನಕ್ಕೆ ಕಾಣಬೇಕಾದರೆ ಒಬ್ಬನ ಕಾಲು ಮುರಿಯಬೇಕಾಯ್ತು.

ನಮ್ಮಲ್ಲೂ ಅಂಥದೇ ಒಂದು ಗಳಿಗೆ ಬಂತು, ಅದೂ ಬೆಂಗಳೂರಿನಲ್ಲೇ. 2022ರ ಅಕ್ಟೋಬರ್, ಕಂಠೀರವ ಒಳಾಂಗಣ ಕ್ರೀಡಾಂಗಣ. ಪವನ್ ಸೆಹ್ರಾವತ್ ಆಗ ತಮಿಳ್ ತಲೈವಾಸ್ ತಂಡಕ್ಕೆ, ಬೆಲೆ 2 ಕೋಟಿ 26 ಲಕ್ಷಕ್ಕೂ ಹೆಚ್ಚು. ಮೊದಲ ಪಂದ್ಯದಲ್ಲೇ ಮೊಣಕಾಲು ತಿರುಚಿ ಇಡೀ ಸೀಸನ್ ಹೋಯ್ತು. ಗಾಯ ಆದದ್ದು ರೈಡ್ ಮಾಡುವಾಗ ಅಲ್ಲ, ಎದುರಾಳಿ ರೈಡರ್‌ನನ್ನು ಹಿಡಿಯಲು ಹೋದಾಗ! ಹಿಡಿಯೋ ಕೆಲಸ ಎಂಥದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಎರಡು ಕಾಲು ಕೋಟಿ ಬೆಂಚಿನ ಮೇಲೆ ಕೂತಿತು. ತಲೈವಾಸ್ ಕಥೆ ಮುಗೀತು ಅಂದರು. ನರೇಂದರ್ ಎಂಬ ಹೊಸ ಹುಡುಗ ರೈಡಿಂಗ್ ಹೊತ್ತುಕೊಂಡ, ಸಾಗರ್ ಮತ್ತು ಸಾಹಿಲ್ ಗುಲಿಯಾ ಎರಡು ಕಾರ್ನರ್ ಕಾದರು. ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಸಲ ಸೆಮಿಫೈನಲ್‌ಗೆ ಹೋಯ್ತು.

ಮರುವರ್ಷ ಪವನ್ ದಾಖಲೆ ಬೆಲೆಗೆ ಟೈಟನ್ಸ್‌ಗೆ ಹೋದ. ಟೈಟನ್ಸ್ ಗೆದ್ದದ್ದು 22ರಲ್ಲಿ ಎರಡೇ ಪಂದ್ಯ, ಕಟ್ಟಕಡೆಯ ಸ್ಥಾನ. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2 ಕೋಟಿ 35 ಲಕ್ಷ ಕೊಟ್ಟಿತು. ಪಟ್ಟಿಯಲ್ಲಿ ಆಲ್‌ರೌಂಡರ್, ಕೆಲಸ ಎಡ ಕಾರ್ನರ್‌ನಲ್ಲಿ. ಆ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. 2024ರ ಮಾರ್ಚ್ 1ರಂದು ಪುಣೆ ಚಾಂಪಿಯನ್. ಮುಂದಿನ ಸೀಸನ್‌ಗೆ ಶಾದ್ಲೂಯಿ ಹರಿಯಾಣಕ್ಕೆ ಹೋದ, ಹರಿಯಾಣ ಚಾಂಪಿಯನ್. 2025ರ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿ ಯಾರು? ಅದೇ ಶಾದ್ಲೂಯಿ, 2 ಕೋಟಿ 23 ಲಕ್ಷ. ನಮ್ಮ ಬುಲ್ಸ್ ಕೂಡ ಯೋಗೇಶ್ ಎಂಬ ಡಿಫೆಂಡರ್‌ಗೆ ಒಂದು ಕೋಟಿಗೂ ಮೇಲೆ ಕೊಟ್ಟಿತು. ಕಾರ್ನರ್‌ಗೆ ಬೆಲೆ ಬಂತು, ಒಪ್ಪೋಣ.

ಆದರೆ ಕವರ್‌ಗೆ? ಸರಪಳಿಯಲ್ಲಿ ಎರಡನೆಯವನಿಗೆ? ಕಬಡ್ಡಿ ಲೆಕ್ಕದ ಪುಸ್ತಕ ತೆಗೆದು ನೋಡಿ. ನಾಲ್ಕು ಜನ ಸೇರಿ ರೈಡರ್‌ನನ್ನು ಅಮುಕುತ್ತಾರೆ. ಟ್ಯಾಕಲ್ ಅಂಕ ಬರೆಯೋದು ಒಬ್ಬನ ಹೆಸರಿಗೆ. ಸೊಂಟ ಹಿಡಿದವನು, ಹಿಂದಿನಿಂದ ತಳ್ಳಿ ಗೆರೆ ಮುಟ್ಟದ ಹಾಗೆ ಮಾಡಿದವನು, ಇವರ ಹೆಸರಿನ ಮುಂದೆ ಸೊನ್ನೆ. ರೈಡರ್ ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿದರೆ ಮೂರೂ ಅಂಕ ಅವನಿಗೇ. ಹರಾಜಿನ ದಿನ ಮಾಲೀಕರ ಮುಂದೆ ಇರೋದು ಇದೇ ಲೆಕ್ಕ. ಲೆಕ್ಕಕ್ಕೆ ಬಂದ ಬೆವರಿಗೆ ಬೆಲೆ, ಲೆಕ್ಕಕ್ಕೆ ಬಾರದ ಬೆವರಿಗೆ ಚಪ್ಪಾಳೆ. ನನ್ನ ಪ್ರಕಾರ ಜಾಗದ ಬೆಲೆ ಅನ್ನೋದು ಶ್ರಮದ ಅಳತೆ ಅಲ್ಲ, ನಾವು ಏನನ್ನು ಎಣಿಸ್ತೀವಿ ಅನ್ನೋದರ ಅಳತೆ.

ಇನ್ನು ಎಣಿಕೆಗೇ ಬಾರದವರು ಇದ್ದಾರೆ. ಕರಾವಳಿಯ ಮಮತಾ ಪೂಜಾರಿ ನಾಯಕತ್ವದಲ್ಲಿ ಭಾರತ 2012ರ ಮಹಿಳಾ ವಿಶ್ವಕಪ್ ಗೆದ್ದಿತು. ಬೆಂಗಳೂರಿನ ತೇಜಸ್ವಿನಿ ಬಾಯಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ಹೆಣ್ಣುಮಕ್ಕಳಿಗೆ ಪ್ರೊ ಕಬಡ್ಡಿ ಸಂಘಟಕರು 2016ರಲ್ಲಿ ಮೂರು ತಂಡಗಳ ಒಂದು ಚಾಲೆಂಜ್ ಮಾಡಿದರು, ಅಲ್ಲಿಗೇ ನಿಂತಿತು. ರೈಡರ್‌ಗೆ ಎಷ್ಟು, ಕಾರ್ನರ್‌ಗೆ ಎಷ್ಟು ಅಂತ ಕೇಳೋದು ಆಮೇಲಿನ ಮಾತು. ಇವರಿಗೆ ಗಂಡಸರಂಥ ಹರಾಜೇ ಸಿಗಲಿಲ್ಲ.

ಇದೆಲ್ಲ ನಮಗೆ ಯಾಕೆ ಬೇಕು ಅಂತೀರಾ? ಕೆಂಗೇರಿ ಕಡೆ ಹೋಗುವಾಗ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದೆ. ನಮ್ಮ ಪಶ್ಚಿಮ ಬೆಂಗಳೂರಿನ ಎಷ್ಟೋ ಅಪ್ಪ ಅಮ್ಮಂದಿರಿಗೆ ಮಗ ಅಂಥ ಕಡೆ ಸೇರಲಿ ಅಂತ ಆಸೆ. ಬಸವೇಶ್ವರನಗರದ ಒಂದು ಮೈದಾನದಲ್ಲಿ ಹುಡುಗರಿಗೆ ಕಬಡ್ಡಿ ಹೇಳಿಕೊಡುವ ಹಿರಿಯರೊಬ್ಬರನ್ನು ನಾನು ಮಾತಾಡಿಸಿದೆ. ಅವರು ಹೇಳಿದ್ದು ಇಷ್ಟೇ: “ಇಪ್ಪತ್ತು ಹುಡುಗ್ರು ಬರ್ತಾರೆ ಸಾರ್. ಇಪ್ಪತ್ತೂ ರೈಡರ್ರೇ. ಕವರ್‌ಗೆ ನಿಲ್ಲು ಅಂದ್ರೆ ನಾಳೆಯಿಂದ ಬರಲ್ಲ.” ಹುಡುಗರ ತಪ್ಪಲ್ಲ. ಟಿವಿ ತೋರಿಸಿದ್ದನ್ನು ಅವರು ಕಲಿತರು.

ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಸೇರಿಹೋಯ್ತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಕನ್ನಡದ ಹುಡುಗರು ಬಾಗಿಲು ತಟ್ಟುತ್ತಿದ್ದ ಎರಡು ಮನೆಗಳ ಹೆಸರಿನ ಬೋರ್ಡೇ ಇಳಿಯಿತು. ಒಂದು ಕಡೆ ಛಾವಣಿ ಎರಡೂವರೆ ಕೋಟಿಗೆ ಏರಿತು, ಇನ್ನೊಂದು ಕಡೆ ಕಾಲ ಕೆಳಗಿನ ನೆಲ ಸರಿಯಿತು. ಛಾವಣಿ ಮುಟ್ಟೋನು ವರ್ಷಕ್ಕೆ ಒಬ್ಬ. ನೆಲ ಬೇಕಾಗಿರೋದು ಎಲ್ಲರಿಗೂ.

ಹರಾಜು ನಿಲ್ಲಿಸಿ ಅಂತ ಯಾರೂ ಹೇಳಲ್ಲ. ನಾನು ಕೇಳೋದು ಎರಡೇ. ಒಂದು, ಜೊತೆಗೂಡಿ ಹಿಡಿದವನ ಹೆಸರನ್ನೂ ಲೆಕ್ಕದಲ್ಲಿ ಬರೆಯಿರಿ. ಅಂಕ ಕೊಡದಿದ್ದರೂ ಪರವಾಗಿಲ್ಲ, ಎಣಿಸಿ. ಎಣಿಸಿದ ದಿನ ಬೆಲೆ ತಾನಾಗಿ ಬರುತ್ತೆ. ಎರಡು, ಕ್ರೀಡಾ ಕೋಟಾದ ನೌಕರಿಗಳನ್ನು ಉಳಿಸಿ. ಹರಾಜಿನ ಬೆಲೆ ಮೊಣಕಾಲು ಗಟ್ಟಿ ಇರೋವರೆಗೆ ಮಾತ್ರ. ಸಂಬಳ ಅದಕ್ಕೂ ಆಚೆ ಬದುಕಿಸುತ್ತೆ.

ಅಲ್ಲಿವರೆಗೆ ನೋಡುವವರು ಮಾಡಬಹುದಾದ ಒಂದು ಕೆಲಸ ಇದೆ. ಮುಂದಿನ ಸಲ ಬುಲ್ಸ್ ಪಂದ್ಯ ಬಂದಾಗ ರೈಡರ್‌ನನ್ನು ಬಿಟ್ಟು ಐದು ನಿಮಿಷ ಬರೀ ಕವರ್ ಆಟಗಾರನನ್ನು ನೋಡಿ. ಅವನು ಯಾವಾಗ ಒಂದು ಹೆಜ್ಜೆ ಹಿಂದಿಡುತ್ತಾನೆ, ಯಾರ ಕೈ ಹಿಡಿಯುತ್ತಾನೆ, ಯಾವ ಗಳಿಗೆಯಲ್ಲಿ ನುಗ್ಗುತ್ತಾನೆ ಅಂತ. ಪಂದ್ಯ ಗೆದ್ದದ್ದು ಎಲ್ಲಿ ಅನ್ನೋದು ಆಗ ನಿಮಗೇ ಗೊತ್ತಾಗುತ್ತೆ.