ಸುಬೇದಾರ್ ರಾಮಜಿಯವರ ಓದು

ದಲಿತ ವಿಮರ್ಶೆ ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ನಾವು ಕವಿಗಳ ಹೆಸರು ಹೇಳುತ್ತೇವೆ, ಎಪ್ಪತ್ತರ ದಶಕದ ಚಳವಳಿಯ ಹೆಸರು ಹೇಳುತ್ತೇವೆ. ಪಿಂಚಣಿ ಪಡೆದು ಮನೆಗೆ ಬಂದ ಸಿಪಾಯಿಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಸುಬೇದಾರ್ ಮೇಜರ್ ರಾಮಜಿ ಸಕ್ಪಾಲ್ ನಮಗೆ ಅಂಬೇಡ್ಕರ್ ಅವರ ತಂದೆ, ಅಷ್ಟೇ. ಫೋಟೊಕ್ಕೆ ಹಾರ ಹಾಕಿ ಮುಗಿಸುತ್ತೇವೆ. ಆ ಹಿರಿಯ ಜೀವ ಒಬ್ಬ ಓದುಗ ಎಂಬುದು ಮಾತ್ರ ನಮ್ಮ ಚರಿತ್ರೆಯ ಲೆಕ್ಕಕ್ಕೆ ಬಂದೇ ಇಲ್ಲ.

ರತ್ನಾಗಿರಿ ಜಿಲ್ಲೆಯ ಅಂಬವಡೆಯ ಮಹಾರ್ ಮನೆತನ. ತಂದೆ ಮಾಲೋಜಿಯೂ ಸಿಪಾಯಿ. ಊರಿನ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಗಂಡು ಹೆಣ್ಣು ಮಕ್ಕಳಿಗೂ ಕಡ್ಡಾಯ ಶಿಕ್ಷಣವಿತ್ತು. ರಾಮಜಿ ಅಂಥ ಶಾಲೆಯಲ್ಲಿ ಹದಿನಾಲ್ಕು ವರ್ಷ ಹೆಡ್‌ಮಾಸ್ಟರ್ ಆಗಿದ್ದರು. ಇದನ್ನು ಬ್ರಿಟಿಷರ ಔದಾರ್ಯವೆಂದು ಹಾಡಿಹೊಗಳಬೇಕಾದ್ದಿಲ್ಲ. 1818ರಲ್ಲಿ ಭೀಮಾ ಕೋರೆಗಾಂವ್‌ನಲ್ಲಿ ಮಹಾರರ ರಕ್ತ ಅವರಿಗೆ ಬೇಕಿತ್ತು. 1892ರಲ್ಲಿ ‘ಯೋಧ ಜನಾಂಗ’ ಎಂಬ ಹೊಸ ಸಿದ್ಧಾಂತ ಹಿಡಿದು ಅದೇ ಮಹಾರರ ಭರ್ತಿ ನಿಲ್ಲಿಸಿದರು. ಬ್ರಾಹ್ಮಣಶಾಹಿಗೂ ವಸಾಹತುಶಾಹಿಗೂ ಇಂಥ ಕಡೆ ಒಪ್ಪಂದ ಬಲು ಸಲೀಸು.

ಆಗ ಹಳೆಯ ಸಿಪಾಯಿಗಳು ಅರ್ಜಿ ಹಿಡಿದು ಓಡಾಡಿದರು. ರಾಮಜಿ ಈ ವಿಷಯಕ್ಕಾಗಿ ನ್ಯಾಯಮೂರ್ತಿ ರಾನಡೆಯವರ ಬಳಿಗೆ ಹೋದರೆಂದು ಧನಂಜಯ ಕೀರ್ ಬರೆಯುತ್ತಾರೆ. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಸಿದ್ಧಪಡಿಸಿದರು. ಅರ್ಜಿಗಳನ್ನು ಸಾಹಿತ್ಯ ಅಂತ ಯಾರು ಓದುತ್ತಾರೆ ಹೇಳಿ!

ರಾಮಜಿ ಅದೇ 1894ರಲ್ಲಿ ನಿವೃತ್ತರಾದರು. ಆಮೇಲೆ ಸಾತಾರಾ ಕಡೆ, ಬರಗಾಲದ ಕೆರೆ ಕಾಮಗಾರಿಯಲ್ಲಿ ಕ್ಯಾಷಿಯರ್ ಕೆಲಸ. ಅಪ್ಪನನ್ನು ನೋಡಲು 1901ರಲ್ಲಿ ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಜಾತಿ ಹೇಳಿದ್ದೇ ತಡ, ಗಾಡಿ ಸಿಗಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಸುಬೇದಾರ್ ಮೇಜರ್ ಎಂಬ ಹುದ್ದೆ ಕಂಟೋನ್ಮೆಂಟಿನ ಗೇಟಿನಾಚೆ ಇಷ್ಟೇ.

ಮುಂಬಯಿಯ ಚಾಳಿನ ಮನೆಯಲ್ಲಿ ಈ ಕಬೀರಪಂಥಿ ಮಕ್ಕಳಿಂದ ರಾಮಾಯಣ, ಮಹಾಭಾರತ ಓದಿಸುತ್ತಿದ್ದರು. ಶೂದ್ರರನ್ನು, ಅಸ್ಪೃಶ್ಯರನ್ನು ಹೀಗಳೆಯುವ ಇವನ್ನು ಯಾಕೆ ಓದಬೇಕು ಅಂತ ಮಗ ಕೇಳಿದ. ಅಪ್ಪನ ಉತ್ತರವನ್ನು ‘ದಿ ಬುದ್ಧ ಅಂಡ್ ಹಿಸ್ ಧಮ್ಮ’ಕ್ಕೆಂದು 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅಂಬೇಡ್ಕರ್ ದಾಖಲಿಸಿದ್ದಾರೆ: ನಾವು ಅಸ್ಪೃಶ್ಯರು, ನಮ್ಮಲ್ಲಿ ಕೀಳರಿಮೆ ಬೆಳೆಯುವುದು ಸಹಜ. ಅದನ್ನು ಕಳೆಯಲು ಈ ಓದು ಬೇಕು. ದ್ರೋಣ, ಕರ್ಣ ಎಂಥ ಸಣ್ಣ ಸ್ಥಿತಿಯಿಂದ ಎಷ್ಟು ಮೇಲೇರಿದರು ನೋಡು, ವಾಲ್ಮೀಕಿ ಕೋಳಿ ಜಾತಿಯವನು.

ಮಗನಿಗೆ ಇದು ಸಾಲಲಿಲ್ಲ. ದಾದಾ ಕೆಳೂಸ್ಕರ್ ತಾವೇ ಬರೆದ ಬುದ್ಧಚರಿತ್ರೆಯನ್ನು ಅವನಿಗೆ ಕೊಟ್ಟಿದ್ದರು, ಅದನ್ನು ಓದಿದ್ದ. ದ್ರೋಣನೂ ಬೇಡ, ಭೀಷ್ಮನೂ ಬೇಡ, ಕೃಷ್ಣನೂ ಬೇಡ ಅಂದ. ಶೂರ್ಪನಖಿಗೆ, ವಾಲಿಗೆ, ಸೀತೆಗೆ ರಾಮ ಮಾಡಿದ್ದೇನು ಅಂದ. ಅಪ್ಪ ಮಾತಾಡಲಿಲ್ಲ. ಮನೆಯೊಳಗೆ ಬಂಡಾಯ ಹುಟ್ಟಿದೆ ಅಂತ ಅವರಿಗೆ ಗೊತ್ತಾಗಿತ್ತು.

ಈ ಜಗಳದಲ್ಲಿ ನಾವು ಸಲೀಸಾಗಿ ಮಗನ ಪಕ್ಷ ವಹಿಸುತ್ತೇವೆ. ಆದರೆ ತರಗತಿಯಲ್ಲಿ ಪಂಪನ ಕರ್ಣನನ್ನು ಪಾಠ ಮಾಡುವಾಗ ನನಗೆ ಅಪ್ಪನ ಮಾತೇ ಮತ್ತೆ ಮತ್ತೆ ಎದುರಾಗುತ್ತದೆ. ಹಿಂದಿನ ಬೆಂಚಿನ ಹುಡುಗ ಕರ್ಣನ ಹೆಸರು ಬಂದ ಕೂಡಲೇ ತಲೆಯೆತ್ತುತ್ತಾನೆ. ಅದು ವೈದಿಕಕ್ಕೆ ಶರಣಾದ ಓದಲ್ಲ. ಶತ್ರುವಿನ ಉಗ್ರಾಣದಿಂದಲೇ ತನ್ನವರನ್ನು ಹುಡುಕಿ ತರುವ ಓದು. ಪಠ್ಯವನ್ನು ತಿರಸ್ಕರಿಸುವ ಮಗ, ಪಠ್ಯದೊಳಗೆ ನುಗ್ಗುವ ಅಪ್ಪ: ನಮ್ಮ ವಿಮರ್ಶೆ ಇವತ್ತಿಗೂ ಈ ಎರಡರ ನಡುವೆಯೇ ಎಳೆದಾಡುತ್ತಿದೆ.

ಮಗನ ಪುಸ್ತಕಕ್ಕೆ ದುಡ್ಡಿಲ್ಲದಾಗ ರಾಮಜಿ ಮದುವೆಯಾದ ಮಗಳ ಒಡವೆ ಇಸಿದುಕೊಂಡು ಗಿರವಿ ಇಡುತ್ತಿದ್ದರು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ನಮ್ಮ ಗ್ರಂಥಾಲಯಗಳ ಚರಿತ್ರೆ ಬರೆಯುವವರು ಆ ಹೆಣ್ಣುಮಗಳ ಒಡವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1913ರಲ್ಲಿ ಮಗ ಬರೋಡದ ನೌಕರಿಗೆ ಸೇರಿದ ಕೆಲವೇ ದಿನಗಳಿಗೆ ತಂತಿ ಬಂತು. ಬರುವ ದಾರಿಯಲ್ಲಿ ಅಪ್ಪನಿಗೆಂದು ಮಿಠಾಯಿ ಕೊಳ್ಳಲು ಸೂರತ್‌ನಲ್ಲಿ ಇಳಿದರು, ರೈಲು ತಪ್ಪಿತು. ಮುಂಬಯಿ ಮುಟ್ಟಿದಾಗ ಮರುದಿನ. ರಾಮಜಿ ಮಗನ ಬೆನ್ನ ಮೇಲೆ ಕೈಯಾಡಿಸಿದರಂತೆ. ಫೆಬ್ರವರಿ 2ರಂದು ತೀರಿಕೊಂಡರು. ಅದೇ ಜುಲೈನಲ್ಲಿ ಮಗ ನ್ಯೂಯಾರ್ಕ್ ಸೇರಿದರು.